ಎಡಿಟ್ ಎಣಿಸಿದವರು, ಅಕ್ಷರ ಎಣಿಸಿದವರು

(ಹೋದ ತಿಂಗಳು ನಮ್ಮ ಕಡೆ ಒಂದು ಕಾಲೇಜಿನ ಲೈಬ್ರರಿ ಹಾಲ್‌ನಲ್ಲಿ ಮಾತಾಡಿದ್ದು. ಫೋನಲ್ಲಿ ರೆಕಾರ್ಡ್ ಆಗಿದ್ದನ್ನ ಕೇಳ್ಕೊಂಡು ಟೈಪ್ ಮಾಡಿದ್ದೀನಿ, ನಡುವೆ ಕರೆಂಟ್ ಹೋಗಿ ಮೈಕ್ ನಿಂತಾಗ ಹೇಳಿದ್ದು ರೆಕಾರ್ಡ್ ಆಗಿಲ್ಲ, ಅಲ್ಲಿ ನೆನಪಿದ್ದಷ್ಟು ಸೇರಿಸಿದ್ದೀನಿ.)

ಎಲ್ರಿಗೂ ನಮಸ್ಕಾರ. ಮೇಡಂ ನನ್ನನ್ನ ಪರಿಚಯ ಮಾಡ್ತಾ "ವಿಕಿಪೀಡಿಯ ತಜ್ಞರು" ಅಂದ್ಬಿಟ್ರು, ಅದು ಸ್ವಲ್ಪ ಜಾಸ್ತಿ ಆಯ್ತು. ನಾನು ಕನ್ನಡ ವಿಕಿಪೀಡಿಯದಲ್ಲಿ ಆಗಾಗ ಕೈಯಾಡಿಸೋನು ಅಷ್ಟೆ. ಒಂದು ದಿನ ನಮ್ಮಂಥವರ ಬಗ್ಗೆ ಯಾರೋ ಪಿಎಚ್‌ಡಿ ಮಾಡಿದ್ದಾರೆ ಅಂತ ಗೊತ್ತಾಯ್ತು, ಯಾಕೆ ಬರೀತಾರೆ, ಯಾವಾಗ ಬಿಟ್ಟು ಹೋಗ್ತಾರೆ, ಜಗಳ ಹೇಗೆ ಆಡ್ತಾರೆ ಅಂತೆಲ್ಲ. ಪಕ್ಕದ ಮನೆಯವರು ನಮ್ಮ ಬಗ್ಗೆ ಏನು ಮಾತಾಡ್ತಿದಾರೆ ಅಂತ ಗೋಡೆಗೆ ಕಿವಿ ಕೊಟ್ಟು ಕೇಳ್ತೀವಲ್ಲ, ಆ ಥರದ ಕುತೂಹಲದಲ್ಲಿ ಆ ಪೇಪರ್‌ಗಳನ್ನ ಓದೋಕೆ ಶುರು ಮಾಡಿದ್ದು, ಹಾಗೇ ಅಭ್ಯಾಸ ಆಗೋಯ್ತು.

ಮೊದಲು ಒಂದು ವಿಷಯ. ವಿಶ್ವಕೋಶ ಅನ್ನೋದು ನಮಗೇನು ಹೊಸದಲ್ಲ. ಕಾರಂತರು 1930ರ ದಶಕದಲ್ಲೇ ಒಬ್ಬರೇ ಕೂತು ಮಕ್ಕಳಿಗಾಗಿ ಬಾಲ ಪ್ರಪಂಚ ಬರೆದ್ರು, ಮೂರು ಸಂಪುಟ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶ ಇದೇ ಲೈಬ್ರರಿಯಲ್ಲಿ ಇದೆ, 14 ಸಂಪುಟ, ಒಳಗೆ ಬರ್ತಾ ನೋಡಿದೆ, ಧೂಳು ಒರೆಸಿಟ್ಟಿದ್ದೀರಿ, ಸಂತೋಷ. ಆದ್ರೆ ಕಾರಂತರು ಯಾವ ವಾಕ್ಯ ಎಷ್ಟು ಸಲ ಹೊಡೆದು ಹಾಕಿ ಬರೆದ್ರು, ಮೈಸೂರಿನ ಸಂಪಾದಕರು ಯಾವ ಲೇಖನಕ್ಕೆ ಯಾರ ಜೊತೆ ವಾದ ಮಾಡಿದ್ರು, ಅದೆಲ್ಲ ನಮಗೆ ಸಿಗಲ್ಲ. ಅಚ್ಚಾದ ಪುಟ ಮಾತ್ರ ಸಿಗತ್ತೆ. ವಿಕಿಪೀಡಿಯದಲ್ಲಿ ಹಾಗಲ್ಲ. 2001ರ ಜನವರಿ 15ಕ್ಕೆ ಶುರುವಾದಾಗಿಂದ ಹೆಚ್ಚುಕಮ್ಮಿ ಪ್ರತಿಯೊಂದು ಬದಲಾವಣೆ, ಯಾವ ಹೆಸರಿನಿಂದ, ಯಾವ ದಿನ, ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ, ಕಾಮಾ ಹಾಕಿದ್ದು ಕೂಡ ದಾಖಲಾಗಿದೆ, ಮೇಲೆ "ಇತಿಹಾಸ" ಅಂತ ಟ್ಯಾಬ್ ಇದೆ ನೋಡಿ, ಅದರಲ್ಲಿ. ಅಷ್ಟನ್ನೂ ಒಟ್ಟಿಗೆ ಡೌನ್‌ಲೋಡ್ ಮಾಡ್ಕೊಳ್ಳಬಹುದು, ಯಾರ ಪರ್ಮಿಶನ್ನೂ ಬೇಡ, ದುಡ್ಡೂ ಬೇಡ. ಸಂಶೋಧಕರಿಗೆ ಇನ್ನೇನು ಬೇಕು ಹೇಳಿ. ಬೆಲ್ಲ ಚೆಲ್ಲಿದ ಕಡೆ ಇರುವೆ ಬಂದ ಹಾಗೆ ಬಂದ್ರು. ಕಂಪ್ಯೂಟರ್ ಸೈನ್ಸ್‌ನವರು, ಸಮಾಜಶಾಸ್ತ್ರದವರು, ಎಕನಾಮಿಕ್ಸ್‌ನವರು, ಎಲ್ಲ.

ಮೊದಮೊದಲು ಬಂದವರಿಗೆ ಇದ್ದ ಪ್ರಶ್ನೆ, ಇದು ನಡೆಯೋದಾದ್ರೂ ಹೇಗೆ ಅಂತ. ಯಾರು ಬೇಕಾದ್ರೂ ಬಂದು ಅಳಿಸಬಹುದು ಅಂದ್ರೆ ಎರಡು ದಿನದಲ್ಲಿ ಹಾಳಾಗಬೇಕಿತ್ತಲ್ಲ? 2004ರಲ್ಲಿ ಎಂಐಟಿಯ ಫರ್ನಾಂಡ ವಿಯೆಗಾಸ್, ಐಬಿಎಂನ ಮಾರ್ಟಿನ್ ವಾಟೆನ್‌ಬರ್ಗ್ ಮತ್ತು ಕುಶಾಲ್ ದವೆ ತಾವು ಮಾಡಿದ ಒಂದು ಚಿತ್ರ ಬಿಡಿಸೋ ಸಾಫ್ಟ್‌ವೇರ್ ಬಗ್ಗೆ ಪೇಪರ್ ಬರೆದ್ರು, ಅದರ ಹೆಸರು ಹಿಸ್ಟರಿ ಫ್ಲೋ. ಒಂದೊಂದು ಲೇಖಕರಿಗೆ ಒಂದೊಂದು ಬಣ್ಣ, ಎಡದಿಂದ ಬಲಕ್ಕೆ ಕಾಲ. ಒಂದು ಲೇಖನ ಪೂರ್ತಿ ಬೆಳೆದಿದ್ದು ಪಟ್ಟೆಪಟ್ಟೆ ಸೀರೆ ಹಾಗೆ ಕಾಣತ್ತೆ. ಯಾರಾದ್ರೂ ಇಡೀ ಲೇಖನ ಅಳಿಸಿದ್ರೆ ಸೀರೆಯಲ್ಲಿ ಕಪ್ಪಗೆ ಒಂದು ಸೀಳು ಬರಬೇಕು, ಆದ್ರೆ ಎಷ್ಟೋ ಕಡೆ ಆ ಸೀಳು ಕಣ್ಣಿಗೇ ಬೀಳಲ್ಲ, ಯಾಕಂದ್ರೆ ಅಷ್ಟು ಬೇಗ ಯಾರೋ ಬಂದು ಸರಿ ಮಾಡಿರ್ತಾರೆ. ಲೆಕ್ಕ ಹಾಕಿದ್ರೆ, ಪುಟ ಪೂರ್ತಿ ಅಳಿಸಿದಂಥ ಘಟನೆಗಳಲ್ಲಿ ಅರ್ಧದಷ್ಟು 2.8 ನಿಮಿಷದ ಒಳಗೇ ರಿಪೇರಿ ಆಗಿದ್ವು. ಅದೇ ಪೇಪರ್‌ನಲ್ಲಿ ಚಾಕೊಲೇಟ್ ಅನ್ನೋ ಲೇಖನದ ಚಿತ್ರ ಇದೆ. ಅದರ ಮಧ್ಯದಲ್ಲಿ ಗರಗಸದ ಹಲ್ಲಿನ ಥರ ಅಂಕುಡೊಂಕು ಗೆರೆ. ಏನಪ್ಪಾ ಅಂತ ನೋಡಿದ್ರೆ ಇಬ್ಬರು ಜಗಳ ಆಡಿದ್ದಾರೆ, ಚಾಕೊಲೇಟ್ ಕರಗಿಸಿ ಸುರಿದು ಮಾಡೋ ಒಂದು ಬಗೆಯ ಶಿಲ್ಪ ನಿಜವಾಗಿ ಇದೆಯೋ ಇಲ್ವೋ ಅಂತ. ಒಬ್ಬರು ಹಾಕೋದು, ಇನ್ನೊಬ್ಬರು ತೆಗೆಯೋದು, ಹಾಕೋದು, ತೆಗೆಯೋದು. ನಾನು ಈ ಚಿತ್ರ ತೋರಿಸಿದಾಗೆಲ್ಲ ಜನ ನಗ್ತಾರೆ. ಆದ್ರೆ ಗ್ರಾಮ ಪಂಚಾಯ್ತಿಯ ನಡಾವಳಿ ಪುಸ್ತಕವನ್ನ ಹೀಗೆ ಬಣ್ಣ ಹಚ್ಚಿ ನೋಡಿದ್ರೆ ನಮ್ಮದೂ ಹೀಗೇ ಕಾಣತ್ತೆ ಅಂತ ನನ್ನ ಅನುಮಾನ.

ಆಮೇಲೆ 2005ರ ಡಿಸೆಂಬರ್‌ನಲ್ಲಿ ನೇಚರ್ ಅನ್ನೋ ವಿಜ್ಞಾನ ಪತ್ರಿಕೆಯ ಹೋಲಿಕೆ ಬಂತು, ಅದನ್ನ ನೀವು ಕೇಳಿರಬಹುದು. ವಿಜ್ಞಾನದ 42 ವಿಷಯ ತಗೊಂಡು ವಿಕಿಪೀಡಿಯ ಲೇಖನ, ಬ್ರಿಟಾನಿಕಾ ವಿಶ್ವಕೋಶದ ಲೇಖನ ಎರಡನ್ನೂ ಯಾವುದು ಯಾವುದು ಅಂತ ಹೇಳದೆ ತಜ್ಞರಿಗೆ ಕೊಟ್ರು. ವಿಕಿಪೀಡಿಯದಲ್ಲಿ ಸರಾಸರಿ ನಾಲ್ಕು ತಪ್ಪು, ಬ್ರಿಟಾನಿಕಾದಲ್ಲಿ ಮೂರು. ಬ್ರಿಟಾನಿಕಾದವರಿಗೆ ಉರಿದು ಹೋಯ್ತು, ಮುಂದಿನ ವರ್ಷ ದೊಡ್ಡ ಖಂಡನೆ ಬರೆದ್ರು, ನೇಚರ್ ಹಿಂದೆ ಸರಿಯಲಿಲ್ಲ. ನ್ಯೂಸ್ ಪೇಪರ್‌ನವರು ಇದನ್ನ "ವಿಕಿಪೀಡಿಯ ಬ್ರಿಟಾನಿಕಾದಷ್ಟೇ ಸರಿ" ಅಂತ ಬರೆದುಕೊಂಡ್ರು. ಅದು ಇಂಗ್ಲಿಷ್ ವಿಕಿಪೀಡಿಯ, ವಿಜ್ಞಾನದ ವಿಷಯ, 42 ಲೇಖನ. ಅಷ್ಟಕ್ಕೆ ಮಾತ್ರ ಅನ್ವಯ. ಇವತ್ತಿಗೂ ಕನ್ನಡದಲ್ಲಿ ವಿಕಿ ಕಾರ್ಯಾಗಾರ ಮಾಡಿದ್ರೆ ಯಾರಾದ್ರೊಬ್ಬರು ಈ ಮಾತನ್ನ ಎತ್ತಿ ಆಡ್ತಾರೆ, ಕನ್ನಡದ ನಾಲ್ಕು ಸಾಲಿನ ಚುಟುಕು ಲೇಖನಕ್ಕೂ ಆ ಸರ್ಟಿಫಿಕೇಟ್ ಅಂಟಿಸಿಬಿಡ್ತಾರೆ.

ನನಗೆ ಬಹಳ ಇಷ್ಟವಾದ ಕಥೆ ಈಗ ಹೇಳ್ತೀನಿ, ಇದು ನಿಜಕ್ಕೂ ಲೆಕ್ಕದ ಕಥೆ. ವಿಕಿಪೀಡಿಯ ಯಾರು ಬರೀತಾರೆ? ಜಿಮ್ಮಿ ವೇಲ್ಸ್, ಸ್ಥಾಪಕರಲ್ಲಿ ಒಬ್ಬರು, ಆ ಕಾಲದಲ್ಲಿ ಹೋದಲ್ಲೆಲ್ಲ ಒಂದು ಮಾತು ಹೇಳ್ತಿದ್ರು. ಲಕ್ಷಾಂತರ ಜನ ಒಂದೊಂದು ಹನಿ ಹಾಕಿ ಹಳ್ಳ ಆಯ್ತು ಅಂತ ನೀವು ಅಂದ್ಕೊಂಡಿದ್ದೀರಿ, ಹಾಗಲ್ಲ, ನಾನು ಲೆಕ್ಕ ಹಾಕಿ ನೋಡಿದೆ, ಅರ್ಧಕ್ಕಿಂತ ಹೆಚ್ಚು ಎಡಿಟ್ ಮಾಡಿರೋದು ಕೇವಲ 0.7% ಬಳಕೆದಾರರು, ಅಂದ್ರೆ 524 ಜನ. ಮೇಲಿನ 2%, ಸುಮಾರು 1,400 ಜನ, ಸೇರಿ 73.4% ಎಡಿಟ್ ಮಾಡಿದ್ದಾರೆ ಅಂತ. ಅಂದ್ರೆ ಒಂದು ಸಣ್ಣ ಊರಿನ ಜನ, ಒಬ್ಬರಿಗೊಬ್ಬರು ಗೊತ್ತಿರೋರು, ಇಡೀ ವಿಶ್ವಕೋಶ ಬರೆದಿದ್ದಾರೆ ಅಂತಾಯ್ತು.

2006ರಲ್ಲಿ ಆರನ್ ಸ್ವಾರ್ಟ್ಜ್ ಅಂತ ಒಬ್ಬ ಹುಡುಗ, 19 ವರ್ಷ ಆಗ, ಈ ಲೆಕ್ಕ ಸರಿ ಇಲ್ವಲ್ಲ ಅಂದ. ನೀವು ಎಣಿಸ್ತಿರೋದು ಎಡಿಟ್‌ಗಳನ್ನ, ಒಬ್ಬ ಒಂದು ಕಾಗುಣಿತ ತಿದ್ದಿದ್ರೂ ಒಂದು ಎಡಿಟ್, ಇನ್ನೊಬ್ಬ ಇಡೀ ಲೇಖನ ಬರೆದು ಹಾಕಿದ್ರೂ ಒಂದು ಎಡಿಟ್. ಅವನು ಅಲನ್ ಆಲ್ಡಾ ಅನ್ನೋ ಅಮೆರಿಕದ ನಟನ ಲೇಖನ ತಗೊಂಡು ಎಡಿಟ್ ಬಿಟ್ಟು ಅಕ್ಷರ ಎಣಿಸಿದ, ಈಗ ಪುಟದಲ್ಲಿ ಉಳಿದಿರೋ ಅಕ್ಷರಗಳಲ್ಲಿ ಯಾರದ್ದೆಷ್ಟು ಅಂತ. ಚಿತ್ರ ತಲೆಕೆಳಗಾಯ್ತು. ಲೇಖನದ ಮುಖ್ಯ ಭಾಗಗಳನ್ನ ಹಾಕಿದವರು ಎಲ್ಲಿಂದಲೋ ಬಂದವರು, ಒಂದೋ ಎರಡೋ ಸಲ ಬರೆದು ಹೋದವರು, ಎಷ್ಟೋ ಜನ ಅಕೌಂಟ್ ಕೂಡ ಮಾಡಿಲ್ಲ. ಆ 500 ಜನ ಮಾಡಿದ್ದು ಒಪ್ಪ ಮಾಡೋ ಕೆಲಸ, ವರ್ಗ ಹಾಕೋದು, ಲಿಂಕ್ ಕೊಡೋದು, ವಾಕ್ಯ ನೇರ ಮಾಡೋದು. ಮದುವೆ ಮನೆಯಲ್ಲಿ ಅಡುಗೆ ಮಾಡಿದವರು ಬೇರೆ, ಬಡಿಸಿದವರು ಬೇರೆ, ಪಂಕ್ತಿಯಲ್ಲಿ ಕೂತವರಿಗೆ ಬಡಿಸಿದವರ ಮುಖ ಮಾತ್ರ ಕಾಣೋದು.

ಕಥೆ ಅಲ್ಲಿಗೇ ಮುಗಿಯಲಿಲ್ಲ. 2007ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದವರು ಇನ್ನೊಂದು ಥರ ಎಣಿಸಿದ್ರು. ಬರೆದದ್ದು ಎಷ್ಟು ಅನ್ನೋದಕ್ಕಿಂತ, ಬರೆದ ಪದ ಎಷ್ಟು ಸಲ ಓದುಗರ ಕಣ್ಣಿಗೆ ಬಿತ್ತು ಅಂತ. ಯಾರೂ ತೆರೆಯದ ಪುಟದಲ್ಲಿ ಸಾವಿರ ಪದ ಬರೆದ್ರೆ ಬೆಲೆ ಕಮ್ಮಿ, ಲಕ್ಷ ಜನ ನೋಡೋ ಪುಟದಲ್ಲಿ ಹತ್ತು ಪದ ಉಳಿದ್ರೆ ಬೆಲೆ ಜಾಸ್ತಿ. ಈ ತಕ್ಕಡಿಯಲ್ಲಿ ತೂಗಿದಾಗ ಸಾವಿರಕ್ಕೆ ಒಬ್ಬರು, ಅಂದ್ರೆ 0.1% ಸಂಪಾದಕರು, ಹತ್ರ ಹತ್ರ ಅರ್ಧದಷ್ಟು ಬೆಲೆ ಕೊಟ್ಟಿದ್ದಾರೆ ಅಂತ ಬಂತು. ಮತ್ತೆ ವೇಲ್ಸ್ ಕಡೆಗೇ ವಾಲಿತು ಅನ್ನಿ. ಮೂರು ಜನ, ಮೂರು ಸೇರು, ಅದೇ ರಾಶಿ, ಅಳೆದಾಗ ಬಂದಿದ್ದು ಮೂರು ಲೆಕ್ಕ. ಯಾರೂ ಸುಳ್ಳು ಹೇಳ್ತಿಲ್ಲ. ಆದ್ರೆ ಯಾವ ಸೇರಿನಲ್ಲಿ ಅಳೀತೀವಿ ಅನ್ನೋದರ ಮೇಲೆ ಯಾರಿಗೆ ಹಾರ, ಯಾರು ಲೆಕ್ಕಕ್ಕಿಲ್ಲ ಅನ್ನೋದು ನಿಂತಿದೆ. ಇದನ್ನ ಸ್ವಲ್ಪ ನೆನಪಲ್ಲಿಟ್ಕೊಳ್ಳಿ, ಕನ್ನಡಕ್ಕೆ ಬಂದಾಗ ಬೇಕಾಗತ್ತೆ.

ಇನ್ನು ಯಾಕೆ ಬರೀತಾರೆ ಅನ್ನೋದು. ನಮ್ಮ ಮನೆಯಲ್ಲೂ ಇದೇ ಪ್ರಶ್ನೆ, "ದುಡ್ಡು ಕೊಡ್ತಾರಾ? ಇಲ್ವಾ? ಮತ್ಯಾಕ್ರೀ ರಾತ್ರಿ ಹನ್ನೊಂದರ ತನಕ?" ಅಂತ. 2007ರಲ್ಲಿ ಓಡೆಡ್ ನೋವ್ ಅನ್ನೋರು ಇಂಗ್ಲಿಷ್ ವಿಕಿಯ 151 ಜನರನ್ನ ಕೇಳಿದ್ರು. ಮಜಾ ಬರತ್ತೆ ಅನ್ನೋದು, ಜ್ಞಾನ ಎಲ್ಲರಿಗೂ ಬಿಟ್ಟಿ ಸಿಗಬೇಕು ಅನ್ನೋದು, ಎರಡೂ ಮೇಲೆ ಬಂದ್ವು. ಆದ್ರೆ ತಮಾಷೆ ನೋಡಿ, ಮಜಾ ಅಂದವರು ನಿಜವಾಗಿ ಹೆಚ್ಚು ಹೊತ್ತು ಕೆಲಸ ಮಾಡ್ತಿದ್ರು, ತತ್ವದ ಮಾತಾಡಿದವರ ಕೆಲಸಕ್ಕೂ ಅವರ ತತ್ವಕ್ಕೂ ಸಂಬಂಧ ಕಾಣಲಿಲ್ಲ. ಇದು ಓದಿದಾಗ ನನಗೆ ನಮ್ಮ ಕನ್ನಡ ಸೇವೆಯ ಭಾಷಣಗಳು ನೆನಪಾದ್ವು, ಹೆಚ್ಚು ಹೇಳಲ್ಲ.

ಚೀನಾದ್ದು ಇನ್ನೂ ಚೆನ್ನಾಗಿದೆ. 2005ರ ಅಕ್ಟೋಬರ್‌ನಲ್ಲಿ ಚೀನಾ ಸರ್ಕಾರ ವಿಕಿಪೀಡಿಯ ಬ್ಲಾಕ್ ಮಾಡ್ತು. ತೈವಾನ್, ಹಾಂಗ್‌ಕಾಂಗ್, ಸಿಂಗಾಪುರದಲ್ಲಿ ಕೂತು ಚೀನೀ ವಿಕಿಯಲ್ಲಿ ಬರೀತಿದ್ದವರಿಗೆ ಏನೂ ತೊಂದರೆ ಇರಲಿಲ್ಲ, ಬೇಕಾದಷ್ಟು ಬರೀಬಹುದಿತ್ತು. ಎಕನಾಮಿಕ್ಸ್ ಪುಸ್ತಕದ ಪ್ರಕಾರ ಬೇರೆಯವರು ಬರೆಯೋದು ನಿಂತ್ರೆ ಉಳಿದವರು ಹೆಚ್ಚು ಬರೀಬೇಕು, ಕೆಲಸ ಬಾಕಿ ಇದೆಯಲ್ಲ. ಶಾವೋಚುವಾನ್ ಮೈಕೇಲ್ ಜಾಂಗ್ ಮತ್ತು ಫೆಂಗ್ ಝು ಅನ್ನೋರು ಲೆಕ್ಕ ತೆಗೆದ್ರೆ ಬ್ಲಾಕ್ ಆಗದೆ ಉಳಿದವರ ಕೊಡುಗೆ ಸರಾಸರಿ 42.8% ಇಳಿದು ಹೋಗಿತ್ತು. ಓದೋರೇ ಇಲ್ಲ ಅಂದ್ಮೇಲೆ ಯಾರಿಗೆ ಬರೆಯೋದು. ಖಾಲಿ ಕುರ್ಚಿಗಳ ಮುಂದೆ ಯಕ್ಷಗಾನ ಎಷ್ಟು ಹೊತ್ತು ನಡೆಯತ್ತೆ? ಕನ್ನಡ ವಿಕಿಪೀಡಿಯದಲ್ಲಿ ಬರೆದು ಬಿಟ್ಟವರನ್ನ ಕೇಳಿದಾಗ "ಯಾರು ಸಾರ್ ಓದ್ತಾರೆ" ಅನ್ನೋ ಮಾತೇ ಮೊದಲು ಬರತ್ತೆ. ನಮ್ಮಲ್ಲಿ ಯಾರೂ ಬ್ಲಾಕ್ ಮಾಡಿಲ್ಲ, ಆದ್ರೂ.

ಹೊಗಳಿಕೆಗೂ ಅಷ್ಟೇ ಶಕ್ತಿ ಇದೆ. ವಿಕಿಯಲ್ಲಿ ಬಾರ್ನ್‌ಸ್ಟಾರ್ ಅಂತ ಒಂದು ನಕ್ಷತ್ರದ ಚಿತ್ರ ಇದೆ, ಯಾರು ಯಾರಿಗೆ ಬೇಕಾದ್ರೂ ಕೊಡಬಹುದು, ಸರ್ಕಾರಿ ಪ್ರಶಸ್ತಿ ಹಾಗೆ ಶಿಫಾರಸು ಬೇಕಾಗಿಲ್ಲ. 2012ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ರೆಸ್ಟಿವೊ ಮತ್ತು ವ್ಯಾನ್ ಡಿ ರೈಟ್ ಅನ್ನೋ ಇಬ್ಬರು, ಹೆಚ್ಚು ಕೆಲಸ ಮಾಡೋ 1% ಸಂಪಾದಕರಲ್ಲಿ ಚೀಟಿ ಎತ್ತಿದ ಹಾಗೆ ಕೆಲವರನ್ನ ಆರಿಸಿ ಈ ನಕ್ಷತ್ರ ಕೊಟ್ರು. ಸಿಗದವರಿಗಿಂತ ಸಿಕ್ಕವರ ಕೆಲಸ 60% ಜಾಸ್ತಿ ಆಯ್ತು. ಜರ್ಮನ್ ವಿಕಿಪೀಡಿಯದಲ್ಲಿ ಯಾನಾ ಗಾಲುಸ್ ಹೊಸಬರಿಗೆ ಹೀಗೇ ಒಂದು ಸಾಂಕೇತಿಕ ಗೌರವ ಕೊಟ್ಟು ನೋಡಿದ್ರು, ಉಳಿದುಕೊಂಡವರ ಸಂಖ್ಯೆ 20% ಏರಿತು. ಖರ್ಚು ಸೊನ್ನೆ. ಶಾಲು, ಹಣ್ಣಿನ ಬುಟ್ಟಿ, ಮೈಸೂರು ಪೇಟ ಏನೂ ಇಲ್ಲ.

ಈಗ ಸ್ವಲ್ಪ ಬೇಜಾರಿನ ಭಾಗ. ಇಂಗ್ಲಿಷ್ ವಿಕಿಯಲ್ಲಿ ತಿಂಗಳಿಗೆ ಐದಾದ್ರೂ ಎಡಿಟ್ ಮಾಡೋರ ಸಂಖ್ಯೆ 2007ರಲ್ಲಿ 50 ಸಾವಿರ ದಾಟಿ ಅಲ್ಲಿಂದ ಇಳಿಯೋಕೆ ಶುರುವಾಯ್ತು. ಮೊದಲು ಪಾರ್ಕ್ ಅನ್ನೋ ಸಂಶೋಧನಾ ಕೇಂದ್ರದವರು 2009ರಲ್ಲಿ ಇದನ್ನ ಹಿಡಿದ್ರು. ಅಪರೂಪಕ್ಕೆ ಬಂದು ಬರೆಯೋರ ಎಡಿಟ್‌ಗಳಲ್ಲಿ 2003ರಲ್ಲಿ ಸುಮಾರು 10% ರಿವರ್ಟ್ ಆಗ್ತಿತ್ತು, ಅಂದ್ರೆ ಬರೆದದ್ದನ್ನ ತೆಗೆದು ಪುಟವನ್ನ ಮೊದಲಿನ ಹಾಗೇ ಮಾಡ್ತಿದ್ರು, 2008ರ ಹೊತ್ತಿಗೆ ಅದು 25%. ನಾಲ್ಕು ಸಲ ಬಾಗಿಲು ತಟ್ಟಿದ್ರೆ ಒಂದು ಸಲ ಮುಖದ ಮೇಲೆ ಹಾಕ್ಕೊಂಡ್ರು ಅನ್ನೋ ಲೆಕ್ಕ. 2013ರಲ್ಲಿ ಆರನ್ ಹಾಫೇಕರ್ ಮತ್ತು ಜೊತೆಯವರು ಕಾರಣ ಹುಡುಕಿದ್ರು. ಹೊಸದಾಗಿ ಬರೋರ ಗುಣಮಟ್ಟ ಕುಸಿದಿದೆಯಾ ಅಂತ ಮೊದಲು ನೋಡಿದ್ರು, ಒಳ್ಳೇ ಮನಸ್ಸಿಂದ ಬರೋರು ಮೊದಲಿನಷ್ಟೇ ಬರ್ತಿದ್ರು. ಬದಲಾಗಿದ್ದು ಬಾಗಿಲಲ್ಲಿ ನಿಂತವರು. ಹಾಳು ಮಾಡೋರನ್ನ ತಡೆಯೋಕೆ ಅಂತ ಮಾಡಿದ, ತಾವಾಗೇ ಎಡಿಟ್ ಮಾಡೋ ಪ್ರೋಗ್ರಾಂಗಳಾದ ಬಾಟ್‌ಗಳು, ಒಂದು ಗುಂಡಿ ಒತ್ತಿದ್ರೆ ರಿವರ್ಟ್ ಆಗೋ ಟೂಲ್‌ಗಳು, ಇವು ಕಳ್ಳರ ಜೊತೆ ನೆಂಟರನ್ನೂ ಆಚೆ ಹಾಕ್ತಿದ್ವು. ಜೊತೆಗೆ ನಿಯಮಗಳು ಗಟ್ಟಿಯಾಗಿ, ಹೊಸಬರು ಅದರಲ್ಲಿ ಒಂದು ಮಾತು ಸೇರಿಸೋಕೂ ಆಗದ ಸ್ಥಿತಿ. ಪಾಪ, ಬಂದವರು ಒಂದು ಸಾಲು ಸೇರಿಸ್ತಾರೆ, ಹತ್ತು ಸೆಕೆಂಡಿಗೆ ಅದು ಮಾಯ, ಚರ್ಚೆ ಪುಟದಲ್ಲಿ ಒಂದು ರೆಡಿಮೇಡ್ ಎಚ್ಚರಿಕೆ ಕೂತಿರತ್ತೆ, ಮನುಷ್ಯರು ಬರೆದಿದ್ದೋ ಮಿಷನ್ ಬರೆದಿದ್ದೋ ಗೊತ್ತಾಗಲ್ಲ, ಅಲ್ಲಿಗೆ ಅವರ ಉತ್ಸಾಹಕ್ಕೆ ಎಳ್ಳುನೀರು.

ಯಾರು ಒಳಗೆ ಉಳಿದ್ರು ಅನ್ನೋದಕ್ಕೂ ಇದು ತಾಗತ್ತೆ. ಹೆಂಗಸರ ವಿಷಯ ನಿಮ್ಮಲ್ಲಿ ಯಾರೋ ಚೀಟಿಯಲ್ಲಿ ಬರೆದು ಕಳಿಸಿದ್ದೀರಿ. 2008ರಲ್ಲಿ ಆದ ಒಂದು ದೊಡ್ಡ ಸರ್ವೆಯಲ್ಲಿ ಬರೆಯೋರಲ್ಲಿ ಹೆಂಗಸರು 13%ಕ್ಕೂ ಕಮ್ಮಿ ಅಂತ ಬಂತು, ಜಗತ್ತೆಲ್ಲ ಸುದ್ದಿ ಆಯ್ತು. 2013ರಲ್ಲಿ ಬೆಂಜಮಿನ್ ಮಾಕೊ ಹಿಲ್ ಮತ್ತು ಆರನ್ ಶಾ ಒಂದು ಸೂಕ್ಷ್ಮ ಹಿಡಿದ್ರು, ಅದು ವೆಬ್‌ಸೈಟ್‌ನಲ್ಲಿ ಇಷ್ಟ ಇದ್ದವರು ತುಂಬೋ ಸರ್ವೆ, ಫಾರಂ ತುಂಬೋಕೆ ಹೆಂಗಸರು ಅಷ್ಟಾಗಿ ಮುಂದೆ ಬಂದಿಲ್ಲ, ಅದನ್ನ ಸರಿದೂಗಿಸಿದ್ರೆ 16.1% ಆಗತ್ತೆ ಅಂತ. (ನೋಡಿ, ಮತ್ತೆ ಸೇರಿನ ಪ್ರಶ್ನೆ.) ಹೆಚ್ಚಾಯ್ತು ಅಂತ ಖುಷಿ ಪಡೋ ಸಂಖ್ಯೆ ಏನಲ್ಲ ಅದು. ಬರೆಯೋರು ಯಾರು ಅನ್ನೋದರಿಂದ ಯಾರ ಬಗ್ಗೆ ಬರೀತಾರೆ ಅನ್ನೋದೂ ಬದಲಾಗತ್ತೆ. 2018ರಲ್ಲಿ ಡೋನಾ ಸ್ಟ್ರಿಕ್‌ಲ್ಯಾಂಡ್ ಅವರಿಗೆ ಭೌತಶಾಸ್ತ್ರದ ನೊಬೆಲ್ ಬಂತು, ಆ ಪ್ರಶಸ್ತಿ ಪಡೆದ ಮೂರನೇ ಹೆಂಗಸು ಅವರು. ಅದಕ್ಕೂ ಮೊದಲು ಅವರ ಬಗ್ಗೆ ಯಾರೋ ಕರಡು ಲೇಖನ ಬರೆದಿದ್ರು, ಅದನ್ನ ಅದೇ ವರ್ಷ ಮೇ ತಿಂಗಳಲ್ಲಿ ಸಾಕಷ್ಟು ಉಲ್ಲೇಖ ಇಲ್ಲ ಅಂತ ವಾಪಸ್ ಕಳಿಸಿದ್ರು. ನೊಬೆಲ್ ಘೋಷಣೆ ಆದ ದಿನವೇ ಪುಟ ಬಂತು. ಇದಕ್ಕೆ ಬರೀ ವಿಕಿಯವರನ್ನ ಬೈದ್ರೆ ಸಾಲದು, ಆಕೆ ಬಗ್ಗೆ ಪತ್ರಿಕೆಗಳೇ ಬರೆದಿರಲಿಲ್ಲ, ಪತ್ರಿಕೆ ಬರೆಯದೆ ವಿಕಿಗೆ ಉಲ್ಲೇಖ ಎಲ್ಲಿಂದ ಬರಬೇಕು.

ಈ ಉಲ್ಲೇಖದ ಗಂಟು ನಮ್ಮ ಕಾಲಿಗೂ ತೊಡರಿಕೊಂಡಿದೆ. ನಾನು ಕನ್ನಡ ವಿಕಿಪೀಡಿಯದಲ್ಲಿ ಬರೆದ ಮೊದಲ ಲೇಖನ ನಮ್ಮೂರ ಕೆರೆಯದ್ದು. ಏರಿ, ತೂಬು, ಕೋಡಿ, ಕೋಡಿ ಬಿದ್ದಾಗ ಬಾಗಿನ ಬಿಡೋದು, ನೀರುಗಂಟಿ ಮನೆತನದವರಿಗೆ ಸುಗ್ಗಿಯಲ್ಲಿ ಎಷ್ಟು ಕಾಳು ಅಳೀತಿದ್ರು, ಎಲ್ಲ ಬರೆದೆ, ಆ ಮನೆತನದ ಅಜ್ಜಿಯನ್ನ ಕೇಳ್ಕೊಂಡೇ ಬರೆದಿದ್ದು. ಎರಡು ದಿನಕ್ಕೆ ಮೇಲೆ ಪಟ್ಟಿ ಬಂತು, ಈ ಲೇಖನಕ್ಕೆ ಉಲ್ಲೇಖ ಇಲ್ಲ ಅಂತ. ಅಜ್ಜಿಯೇ ಉಲ್ಲೇಖ ಸ್ವಾಮಿ ಅಂತ ಚರ್ಚೆ ಪುಟದಲ್ಲಿ ಬರೆದೆ. ಒಪ್ಪಲಿಲ್ಲ, ಒಪ್ಪೋ ಹಾಗೂ ಇರಲಿಲ್ಲ, ನಿಯಮ ಹಾಗಿದೆ. ಆಗ ಸಿಟ್ಟು ಬಂದಿತ್ತು. ಆಮೇಲೆ ಗೊತ್ತಾಗಿದ್ದು, ಇದೇ ಪ್ರಶ್ನೆ ಇಟ್ಕೊಂಡು ಬೆಂಗಳೂರಿನ ಅಚಲ್ ಪ್ರಭಾಲ 2011ರಲ್ಲಿ ಒಂದು ಪ್ರಯೋಗ ಮಾಡಿದ್ರು ಅಂತ. ಮಲಯಾಳಂ, ಹಿಂದಿ ಮತ್ತು ದಕ್ಷಿಣ ಆಫ್ರಿಕಾದ ಸೆಪೆಡಿ, ಈ ಮೂರು ಭಾಷೆಯಲ್ಲಿ ಜನರ ಬಾಯಿಮಾತು ರೆಕಾರ್ಡ್ ಮಾಡಿ, ಆ ರೆಕಾರ್ಡಿಂಗನ್ನೇ ಉಲ್ಲೇಖವಾಗಿ ಕೊಟ್ಟು, ಊರಾಟಗಳ ಥರದ ವಿಷಯಗಳ ಬಗ್ಗೆ ಲೇಖನ ಬರೆಯೋದು. ದೊಡ್ಡ ಚರ್ಚೆ ಆಯ್ತು. ಒಂದು ಕಡೆಯವರು, ಅಚ್ಚಾಗಿಲ್ಲ ಅಂದ ಮಾತ್ರಕ್ಕೆ ಜ್ಞಾನ ಅಲ್ವಾ ಅಂದ್ರು. ಇನ್ನೊಂದು ಕಡೆಯವರು, ಹೇಳಿದ್ದನ್ನ ಯಾರು ಪರೀಕ್ಷೆ ಮಾಡೋದು ಅಂದ್ರು. ನನಗೆ ಎರಡೂ ಸರಿ ಅನ್ಸತ್ತೆ, ನಮ್ಮೂರಲ್ಲೇ ಆ ಕೆರೆ ಕಟ್ಟಿಸಿದ್ದು ಯಾರು ಅಂತ ಮೂರು ಬೀದಿಯಲ್ಲಿ ಮೂರು ಕಥೆ ಇದೆ.

ಕನ್ನಡ ವಿಕಿಪೀಡಿಯ ಶುರುವಾಗಿದ್ದು 2003ರಲ್ಲಿ. ಈಗ 30 ಸಾವಿರ ದಾಟಿದ ಲೇಖನ ಇವೆ. ಈ ಸಂಖ್ಯೆ ಕೇಳಿದಾಗ ನೀವು ಏನು ಕೇಳಬೇಕು? ಯಾವ ಸೇರು ಅಂತ ಕೇಳಬೇಕು. 2009ರಿಂದ 2011ರ ನಡುವೆ ಗೂಗಲ್‌ನವರು ಭಾರತದ ಹಲವು ಭಾಷೆಗಳಲ್ಲಿ ಕೂಲಿ ಕೊಟ್ಟು ಅನುವಾದ ಮಾಡಿಸಿ ಲೇಖನ ಹಾಕಿಸಿದ್ರು, ಅವರ ಅನುವಾದದ ಟೂಲ್‌ಗೆ ಭಾಷೆ ಕಲಿಸೋಕೂ ಅದು ಬೇಕಾಗಿತ್ತು. ಕನ್ನಡದಲ್ಲೂ ಹಾಗೆ ಬಂದ ಉದ್ದುದ್ದ ಲೇಖನಗಳಿವೆ, ಅಮೆರಿಕದ ಪಾಪ್ ಗಾಯಕರು, ಯಾವುದೋ ಕಾಯಿಲೆ, ಯಾವುದೋ ಕಂಪನಿ, ಓದಿದ್ರೆ ಪದಗಳೆಲ್ಲ ಕನ್ನಡ, ವಾಕ್ಯ ಮಾತ್ರ ಯಾವ ಊರಿನದ್ದೋ. ಕರ್ತೃ, ಕರ್ಮ, ಕ್ರಿಯಾಪದ ಒಬ್ಬರಿಗೊಬ್ಬರು ಮಾತು ಬಿಟ್ಟಿರ್ತಾರೆ. ಬಂಗಾಳಿಯವರು ಇದನ್ನ ಬೇಡ ಅಂದ್ರು. ತಮಿಳಿನವರು ತಡೆದು ನಿಲ್ಲಿಸಿ, ಷರತ್ತು ಹಾಕಿ, 2010ರಲ್ಲಿ ಪೋಲೆಂಡಿನಲ್ಲಿ ನಡೆದ ವಿಕಿಮೇನಿಯಾ ಸಮ್ಮೇಳನದಲ್ಲಿ ತಮ್ಮ ಅನುಭವ ಬಿಚ್ಚಿಟ್ರು. ಅಕ್ಷರ ಎಣಿಸಿದ್ರೆ ಈ ಅನುವಾದಗಳು ಕನ್ನಡದ ದೊಡ್ಡ ಕೊಡುಗೆ. ಮನುಷ್ಯರು ಓದಿ ಅರ್ಥ ಮಾಡ್ಕೊಂಡ ಪದ ಎಣಿಸಿದ್ರೆ?

ಎಡಿಟ್ ಎಣಿಸಿದ್ರೆ ಇನ್ನೊಂದು ತಮಾಷೆ. 2013ರಲ್ಲಿ ವಿಕಿಡೇಟಾ, ಅಂದ್ರೆ ಎಲ್ಲ ಭಾಷೆಯ ವಿಕಿಗಳಿಗೂ ಸೇರಿದ ಡೇಟಾ ಭಂಡಾರ, ಈ ಕೆಲಸ ವಹಿಸಿಕೊಳ್ಳೋ ತನಕ ಒಂದು ಲೇಖನಕ್ಕೆ ಬೇರೆ ಭಾಷೆಗಳ ಕೊಂಡಿ ಹಾಕೋ ಕೆಲಸವನ್ನ ಪ್ರತಿ ಭಾಷೆಯಲ್ಲೂ ಬಾಟ್‌ಗಳು ಮಾಡ್ತಿದ್ವು, ಸಣ್ಣ ವಿಕಿಗಳ ಹಳೇ ಇತಿಹಾಸ ಪುಟ ತೆಗೆದ್ರೆ ಸಾಲಾಗಿ ಬಾಟ್‌ಗಳದ್ದೇ ಹೆಸರು, ನಡುವೆ ಒಬ್ಬ ಮನುಷ್ಯ. ಸೆಬುವಾನೊ ಅಂತ ಫಿಲಿಪೀನ್ಸ್‌ನ ಭಾಷೆ, ಅದರ ವಿಕಿಪೀಡಿಯದಲ್ಲಿ 60 ಲಕ್ಷ ಲೇಖನ ಇದೆ, ಸಂಖ್ಯೆಯಲ್ಲಿ ಇಂಗ್ಲಿಷ್ ಬಿಟ್ರೆ ಅದೇ. ಬಹುಪಾಲು ಬರೆದಿದ್ದು ಸ್ವೀಡನ್ನಿನ ಒಬ್ಬರು ಮಾಡಿದ ಒಂದು ಬಾಟ್. ಸ್ಕಾಟ್ಸ್ ವಿಕಿಪೀಡಿಯದ್ದು ಇನ್ನೂ ಪಾಪ ಅನಿಸೋ ಕಥೆ. 2020ರಲ್ಲಿ ಬಯಲಾಯ್ತು, ಅಲ್ಲಿನ 20 ಸಾವಿರಕ್ಕೂ ಹೆಚ್ಚು ಲೇಖನ ಶುರು ಮಾಡಿದ್ದು ಆ ಭಾಷೆಯೇ ಬಾರದ ಒಬ್ಬ ಅಮೆರಿಕದ ಹುಡುಗ ಅಂತ. ವರ್ಷಗಟ್ಟಲೆ ಒಳ್ಳೇ ಮನಸ್ಸಿಂದಲೇ ಬರೆದಿದ್ದ, ಇಂಗ್ಲಿಷ್ ವಾಕ್ಯಕ್ಕೆ ಡಿಕ್ಷನರಿ ನೋಡಿ ಪದ ಜೋಡಿಸ್ತಾ. ಯಾರೂ ಕೇಳಲಿಲ್ಲ, ಯಾಕಂದ್ರೆ ಕೇಳೋ ಜನ ಅಲ್ಲಿ ಇರಲೇ ಇಲ್ಲ. ಇಂಗ್ಲಿಷ್ ವಿಕಿಯಲ್ಲಿ ಹೊಸಬರನ್ನ ಹತ್ತು ಸೆಕೆಂಡಿಗೆ ಆಚೆ ಹಾಕೋದು ರೋಗ ಆದ್ರೆ, ಸಣ್ಣ ವಿಕಿಯ ರೋಗ ಬೇರೆ, ಇಲ್ಲಿ ಏನು ಬರೆದ್ರೂ ಹತ್ತು ವರ್ಷ ಹಾಗೇ ಕೂತಿರತ್ತೆ. ನಮ್ಮ ವಿಕಿಯಲ್ಲಿ ಚರ್ಚೆಗೆ ಅಂತ ಇರೋ ಪುಟದ ಹೆಸರು ಅರಳಿಕಟ್ಟೆ. ಎಷ್ಟು ಚೆನ್ನಾಗಿದೆ ಹೆಸರು. ಹೋಗಿ ನೋಡಿ, ಎಷ್ಟೋ ಪ್ರಕಟಣೆಗಳು ಹೊರಗಿನಿಂದ ಇಂಗ್ಲಿಷ್‌ನಲ್ಲಿ ಬಂದು ಬಿದ್ದಿರ್ತವೆ, ಕಟ್ಟೆ ಮೇಲೆ ಕೂತು ಉತ್ತರ ಹೇಳೋರು ಕಮ್ಮಿ. ಈ ಮೌನದ ಬಗ್ಗೆ ಸಂಶೋಧನೆ ಮಾಡಿ ಅಂತ ಇಲ್ಲಿರೋ ಎಂ.ಎ. ಮಕ್ಕಳಿಗೆ ಹೇಳ್ತೀನಿ. ವಿಕಿಯ ಜಗಳ ಅಳೆಯೋಕೆ ಸೂತ್ರ ಕಂಡುಹಿಡಿದವರು ಆಗ್ಲೇ ಬೇಕಾದಷ್ಟು ಜನ ಇದ್ದಾರೆ.

ಮಾಡೋರಿಗೆ ಒಂದು ಕಿವಿಮಾತು ಮಾತ್ರ. ಡೇಟಾ ಬಿಟ್ಟಿ ಸಿಗತ್ತೆ ಅಂತ ಬರೆದವರನ್ನ ಪ್ರಯೋಗಶಾಲೆ ಕಪ್ಪೆ ಮಾಡ್ಬೇಡಿ. ಐರ್ಲೆಂಡಿನಲ್ಲಿ ಸುಪ್ರೀಂ ಕೋರ್ಟ್ ತೀರ್ಪುಗಳ ಬಗ್ಗೆ 150ಕ್ಕೂ ಹೆಚ್ಚು ಲೇಖನ ಬರೆಸಿ, ಅರ್ಧ ಮಾತ್ರ ವಿಕಿಗೆ ಹಾಕಿ ನೋಡಿದ್ರು, 2022ರಲ್ಲಿ ಪ್ರಕಟವಾಯ್ತು, ಹಾಕಿದ ಅರ್ಧದಲ್ಲಿದ್ದ ತೀರ್ಪುಗಳನ್ನ ನ್ಯಾಯಾಧೀಶರು ಉದಾಹರಿಸೋದು 20%ಕ್ಕೂ ಹೆಚ್ಚು ಏರಿತು. ಅಲ್ಲಿ ಹಾಕಿದ್ದು ಒಳ್ಳೇ ಲೇಖನ, ಯಾರಿಗೂ ನಷ್ಟ ಇಲ್ಲ. ಆದ್ರೆ ಬೇಕಂತ ತಪ್ಪು ತುರುಕಿ ಎಷ್ಟು ದಿನಕ್ಕೆ ಹಿಡೀತಾರೆ ಅಂತ ನೋಡೋರಿದ್ದಾರೆ, ಅದು ಬೇರೆಯವರ ಮನೆ ಬಾವಿಗೆ ಕಸ ಹಾಕಿ ಎಷ್ಟು ಹೊತ್ತಿಗೆ ತೆಗೀತಾರೆ ಅಂತ ಗಡಿಯಾರ ನೋಡಿದ ಹಾಗೆ. ಇನ್ನು ಹೆಸರು ಮುಚ್ಚಿಟ್ಟು ಬರೆಯೋರು ಯಾರು ಅಂತ ಹುಡುಕೋಕೆ ಹೋಗ್ಬೇಡಿ, ಅವರು ಮುಚ್ಚಿಟ್ಟಿದ್ದಕ್ಕೆ ಅವರಿಗೊಂದು ಕಾರಣ ಇರತ್ತೆ.

ಇಷ್ಟು ಹೇಳಿ ಮುಗಿಸಿದೆ. ಪ್ರಶ್ನೋತ್ತರದಲ್ಲಿ ಹಿಂದಿನ ಬೆಂಚಿನ ಒಂದು ಹುಡುಗಿ ಎದ್ದು, "ಸಾರ್, ನಿಮ್ಮೂರ ಕೆರೆ ಪುಟ ಈಗ್ಲೂ ಇದೆಯಾ?" ಅಂದ್ಳು. ಇದೆಯಮ್ಮ, ಅಂತ ಪ್ರೊಜೆಕ್ಟರಿನಲ್ಲೇ ಇತಿಹಾಸ ತೆಗೆದು ತೋರಿಸಿದೆ. ನಾನು ಬರೆದದ್ದರಲ್ಲಿ ಹೆಚ್ಚಿನದು ತೆಗೆದಾಗಿದೆ, ವಿಸ್ತೀರ್ಣ, ತಾಲ್ಲೂಕು, ಗೆಜೆಟಿಯರಿನಲ್ಲಿ ಸಿಕ್ಕ ಒಂದು ಸಾಲು, ಅಷ್ಟೇ ಉಳಿದಿರೋದು. ಪಟ್ಟಿಯಲ್ಲಿ ನನ್ನ ಹೆಸರು, ನಾಲ್ಕೈದು ಬಾಟ್, ಮತ್ತೆ ನನ್ನ ಹೆಸರು. ನಡುವೆ ಒಂದೇ ಒಂದು ಕಡೆ ಅಕೌಂಟ್ ಇಲ್ಲದ ಯಾರೋ, ಹೆಸರಿನ ಜಾಗದಲ್ಲಿ ಬರೀ ನಂಬರ್, ರಾತ್ರಿ ಎರಡು ಗಂಟೆ ಹತ್ತು ನಿಮಿಷಕ್ಕೆ ಬಂದು, ಏರಿ ಮೇಲಿರೋ ದೇವಿಯ ಹೆಸರನ್ನ ನಾನು "ಚೌಡೇಶ್ವರಿ" ಅಂತ ಬರೆದಿದ್ದನ್ನ ಅಳಿಸಿ "ಕೆರೆಚೌಡಮ್ಮ" ಅಂತ ಮಾಡಿ ಹೋಗಿದ್ದಾರೆ. ಸರಿಯಾಗೇ ಇದೆ, ಊರಲ್ಲಿ ಎಲ್ರೂ ಅನ್ನೋದು ಹಾಗೇ, ನಾನೇ ಪೇಟೆಯವನ ಥರ ದೊಡ್ಡ ಹೆಸರು ಬರೆದಿದ್ದೆ. ಆ ನಂಬರ್‌ನಿಂದ ಅದಕ್ಕೆ ಮೊದಲೂ ಏನಿಲ್ಲ, ಆಮೇಲೂ ಏನಿಲ್ಲ.

ಈಗಷ್ಟೇ ಹುಡುಕಬೇಡಿ ಅಂದವನು ನಾನೇ, ಆದ್ರೂ ಒಪ್ಕೋತೀನಿ, ಜಾತ್ರೆಗೆ ಹೋದಾಗ ಊರಲ್ಲಿ ನಾಲ್ಕು ಜನರನ್ನ ವಿಚಾರಿಸಿದೆ. ಅಜ್ಜಿಯ ಮೊಮ್ಮಗ ದುಬೈಯಲ್ಲಿದ್ದಾನೆ, ಅವನೇ ಇರಬೇಕು ಅಂದ್ರು ಕೆಲವರು. ಅವನಿಗೆ ಫೋನ್ ಮಾಡಿದ್ರೆ, "ಅಣ್ಣ, ನಮ್ಮ ಕೆರೆಗೆ ಪೇಜ್ ಇದೆಯಾ?" ಅಂದ.